ಏಬಲ್ ಮಾಸ್ತರನ ವರಪರೀಕ್ಷೆ

ಇಂಗ್ಲಿಷ್ ಎಂಬ ಭಾಷೆಯನ್ನು ಬಬಲೇಶ್ವರದ ಮಟ್ಟಿಗೆ ನಾನು ಪೂರ್ತಿ ಪಳಗಿಸಿದ್ದೇನೆ ಎಂಬ ವಿಷಯದಲ್ಲಿ ಎಪ್ಪತ್ತರ ದಶಕದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಊರ ಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ. ಬೆಳಿಗ್ಗೆ ಹೊಲದಲ್ಲಿ ಹಕ್ಕಿ ಓಡಿಸಿ, ಕಾಲಿನ ಮಣ್ಣು ಝಾಡಿಸಿಕೊಂಡು ಬರುವ ಹುಡುಗರಿಗೆ ಇಂಗ್ಲಿಷ್ ಪುಸ್ತಕ ತೆಗೆದ ಕೂಡಲೇ ಜ್ವರ ಬರುತ್ತಿತ್ತು. ಆ ಜ್ವರಕ್ಕೆ ನಾನೊಂದು ಗುಳಿಗೆ ಕಂಡುಹಿಡಿದಿದ್ದೆ. ಅದರ ಹೆಸರು ‘ಏಬಲ್’.

ಗುಳಿಗೆ ನುಂಗುವ ವಿಧಾನ ಬಹಳ ಸರಳ. ಒಂದು ಕ್ರಿಯಾಪದ ಹಿಡಿಯಬೇಕು. ಅದರ ಬಾಲಕ್ಕೆ ಏಬಲ್ ಕಟ್ಟಬೇಕು. ರೀಡ್ ಎಂದರೆ ಓದು; ರೀಡೇಬಲ್ ಎಂದರೆ ಓದಬಹುದಾದದ್ದು. ವಾಶ್ ಎಂದರೆ ತೊಳೆ; ವಾಶೇಬಲ್ ಎಂದರೆ ತೊಳೆಯಬಹುದಾದದ್ದು. ಮೂತಿಗೆ ‘ಅನ್’ ಹಚ್ಚಿದರೆ ಅದೇ ಶಬ್ದ ತಿರುಗಿ ನಿಂತು, ಆಗುವುದಿಲ್ಲ ಹೋಗು ಎನ್ನುತ್ತದೆ. ಒಂದು ಹಿಡಿ ಕ್ರಿಯಾಪದ ಬಿತ್ತಿದರೆ ಒಂದು ಚೀಲ ಶಬ್ದ. ನಮ್ಮ ಒಣಬೇಸಾಯದ ಸೀಮೆಯಲ್ಲಿ ಇಂಥ ಬೆಳೆಯನ್ನು ಯಾರು ಕಂಡಿದ್ದರು?

ನಾನು ಇನ್ನೂ ಮುಂದೆ ಹೋಗಿದ್ದೆ. ಓದಬಲ್ಲ, ಮಾಡಬಲ್ಲ, ನಡೆಯಬಲ್ಲ ಎನ್ನುವ ನಮ್ಮ ‘ಬಲ್ಲ’ವನ್ನೇ ಯಾವನೋ ಸಾಹೇಬ ಕದ್ದೊಯ್ದು ಏಬಲ್ ಮಾಡಿಕೊಂಡಿದ್ದಾನೆ, ಅವನ ಕುದುರೆ ಬಬಲೇಶ್ವರದ ಮೇಲೆಯೇ ಹಾದುಹೋಗಿರಬೇಕು ಎಂದು ಘನವಾದ ಸಂಶೋಧನೆಯೊಂದನ್ನು ಮಾಡಿದ್ದೆ. ಪುರಾವೆ ಇರಲಿಲ್ಲ. ಸಂತೆಯ ದಿನ ಚಹಾದಂಗಡಿಯಲ್ಲಿ ನನ್ನ ಎದುರು ಕೂತವರೂ ಪುರಾವೆ ಕೇಳುತ್ತಿರಲಿಲ್ಲ. ಎದ್ದು ಹೋಗುತ್ತಿದ್ದರು, ಅಷ್ಟೇ. ಊರಲ್ಲಿ ನನಗೆ ಏಬಲ್ ಮಾಸ್ತರ ಎಂದು ಹೆಸರು ಬಿದ್ದಿತ್ತು. ಬಿರುದು ಎಂದು ತಿಳಿದುಕೊಂಡಿದ್ದೆ.

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ತಕ್ಕ ಗೌರವವಿರಲಿಲ್ಲ. ಊಟಕ್ಕೆ ಕೂತಾಗ ಒಮ್ಮೆ ಹೆಂಡತಿ ಕಮಲಾಳನ್ನು, “ಇವತ್ತಿನ ರೊಟ್ಟಿ ಈಟೇಬಲ್ ಅದಾವೇನು?” ಎಂದು ಕೇಳಿದೆ.

“ತಿನ್ನೂದಿದ್ರ ತಿನ್ರಿ. ಇಲ್ಲಂದ್ರ ಹಿತ್ತಲದಾಗ ಎಮ್ಮಿ ಐತಿ,” ಎಂದಳು.

ತಿಂದೆ.

ಆಗ ನಮ್ಮ ಮನೆಯಲ್ಲಿ ನಾನು, ಕಮಲಾ, ನನ್ನ ತಾಯಿ ಮತ್ತು ತಂಗಿ ಶಾಂತಾ ಇದ್ದೆವು. ತಂದೆ ತೀರಿಕೊಂಡಿದ್ದರಿಂದ ಶಾಂತಾಳ ಮದುವೆಯ ಭಾರ ನನ್ನ ಮೇಲಿತ್ತು. ಅವಳು ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕೂತಿದ್ದಳು. ಮಾತು ಕಡಿಮೆ. ಕೆಲಸ ಮಾಡಿದರೂ ಸದ್ದಾಗದು. ಅವಳು ಮನೆಯಲ್ಲಿ ಇದ್ದಾಳೆಂಬುದು ನೀರು ತುಂಬಿದ ಕೊಡಗಳನ್ನು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

ಹೀಗಿರುವಾಗ ಕಮಲಾಳ ಚಿಕ್ಕಪ್ಪ, ತಿಕೋಟಾದ ಚನ್ನಬಸಪ್ಪ ಕಾಕಾ, ಒಂದು ಸಂಬಂಧ ತಂದ. ಈಗ ವಿಜಯಪುರವಾಗಿರುವ ಊರನ್ನು ಆಗ ನಾವು ಬಿಜಾಪುರ ಅನ್ನುತ್ತಿದ್ದೆವು. ಅಲ್ಲಿ ರಾಯಪ್ಪ ಎಂಬವರದು ದೊಡ್ಡ ಕಿರಾಣಿ ಅಂಗಡಿ. ಅವರ ಒಬ್ಬನೇ ಮಗ ಶಿವಾನಂದ. “ಹುಡುಗ ಮ್ಯಾಟ್ರಿಕ್ ತನಕ ಓದ್ಯಾನ,” ಎಂದ ಕಾಕಾ. “ಹಿರ್‍ಯಾಗ ಒಂದ ಆಸೆ. ಪ್ಯಾಟಿ ಮನಿ, ಬರೂ ಸೊಸಿಗೆ ನಾಕ ಅಕ್ಷರ ಇಂಗ್ಲಿಷ್ ಬರ್ಲಿ ಅಂತಾನ.”

ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಇಂಗ್ಲಿಷ್ ಬೇಕೆಂದು ಒಬ್ಬ ಮನುಷ್ಯ ಬಿಜಾಪುರದಿಂದ ನನ್ನ ಮನೆಯ ಬಾಗಿಲಿಗೆ ಬರುತ್ತಿದ್ದಾನೆ. ಬರಲಿ. ಬಂದು ನೋಡಲಿ.

ಅದೇ ದಿನ ಕಮಲಾ ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು: “ಇದು ಹೆಂಗಾರ ಮಾಡಿ ಕೂಡಿ ಬರಬೇಕ್ರಿ. ಶಾಂತಾ ಆ ಹುಡುಗನ್ನ ನೋಡ್ಯಾಳ.”

“ಎಲ್ಲಿ?”

“ತಿಕೋಟಾದಾಗ, ನಮ್ಮ ಕಾಕಾನ ಮಗಳ ಮದಿವ್ಯಾಗ. ಹೆಣ್ಮಕ್ಕಳ ಕಡೀ ಪಂಕ್ತಿಗೆ ಸಜ್ಜಕ ತೀರಿತ್ತು. ಬಡಸೂರೆಲ್ಲ ಮಾಯ ಆಗಿದ್ರು. ಈ ಹುಡುಗ ತಾನ ಒಳಗ ಹೋಗಿ ಬಕೆಟ್ ತಂದು ಬಡಿಸಿದ. ಶಾಂತಾ ಏನ್ ಅಂತಾಳ ಗೊತ್ತೈತೇನು? ‘ವೈನಿ, ಅವ್ರು ಯಾರ ಮಾರಿನೂ ನೋಡಲಿಲ್ಲ. ಎಲಿ ಅಷ್ಟ ನೋಡಿದ್ರು. ಯಾರ ಎಲಿ ಖಾಲಿ ಐತಿ ಅಂತ.’ ಅಂದಿನಿಂದ ಆಕೀ ಬಾಯಾಗ ಮತ್ತೊಂದು ಗಂಡಿನ ಹೆಸರಿಲ್ಲ.”

ಯಾವುದನ್ನೂ ಬೇಕೆಂದು ಕೇಳದ ಹುಡುಗಿ ಒಂದನ್ನು ಬೇಕೆಂದಿದ್ದಳು. ನನ್ನ ಕಣ್ಣು ತೇವವಾದವು. ಆ ತೇವದಲ್ಲೇ ಒಂದು ಐತಿಹಾಸಿಕ ನಿರ್ಣಯ ಕೈಗೊಂಡೆ. ಬೀಗರು ನಾಲ್ಕು ಅಕ್ಷರ ಕೇಳಿದ್ದಾರೆ. ನಾವು ನೂರು ಕೊಡೋಣ. ಅದಕ್ಕೆ ಇರುವ ಹಾದಿ ಒಂದೇ. ಏಬಲ್.

ಮರುದಿನದಿಂದ ಪಾಠ ಶುರುವಾಯಿತು. ಶಾಂತಾ ಪಾತ್ರೆ ತಿಕ್ಕುತ್ತಿದ್ದರೆ ನಾನು ಕಟ್ಟೆಯ ಮೇಲೆ ಕೂತು “ವಾಶ್?” ಅನ್ನುತ್ತಿದ್ದೆ. “ವಾಶೇಬಲ್,” ಅನ್ನುತ್ತಿದ್ದಳು. ರೊಟ್ಟಿ ಬಡಿಯುವಾಗ “ಬ್ರೇಕ್?” ಎಂದರೆ ರೊಟ್ಟಿಯ ಸಪ್ಪಳದ ಮಧ್ಯೆಯೇ “ಬ್ರೇಕೇಬಲ್, ಅನ್‌ಬ್ರೇಕೇಬಲ್” ಎಂದು ಬರುತ್ತಿತ್ತು. ನನ್ನ ಶಾಲೆಯಲ್ಲಿ ವರ್ಷವಿಡೀ ಕೂಗಿದರೂ ತಲೆಗೆ ಹತ್ತದವರಿದ್ದರು. ಇವಳಿಗೆ ಒಮ್ಮೆ ಹೇಳಿದರೆ ಸಾಕು. ಇಷ್ಟು ಚುರುಕು ಹುಡುಗಿಯನ್ನು ಏಳನೆಯ ಇಯತ್ತೆಗೆ ಬಿಡಿಸಿದವರು ಯಾರು ಎಂದು ಸಿಟ್ಟು ಬಂತು. ಬಿಡಿಸಿದವನು ನಾನೇ ಎಂದು ನೆನಪಾಗಿ ಸಿಟ್ಟು ಇಳಿಯಿತು.

ಒಮ್ಮೆ ಜೋಳ ಹಸನು ಮಾಡುತ್ತ, ತಲೆ ಎತ್ತದೆ, “ಅಣ್ಣಾ, ಲವ್ ಅನ್ನೂದಕ್ಕೂ ಏಬಲ್ ಹತ್ತತೈತೇನು?” ಎಂದು ಕೇಳಿದಳು.

“ಅದು ಸಿಲೆಬಸ್‌ನ್ಯಾಗ ಇಲ್ಲ,” ಎಂದೆ.

ಅವಳು ನಕ್ಕಳು. ಆ ವಾರ ಅವಳು ಬಹಳ ನಗುತ್ತಿದ್ದಳು. ತಾಯಿಯ ಹಳೆಯ ಇಳಕಲ್ ಸೀರೆಯನ್ನು ತಾನೇ ಒಗೆದು, ಮಡಿಕೆ ಹಾಕಿ, ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿಕೊಂಡಳು.

ಬೀಗರು ಬರುವ ದಿನ ಕಮಲಾ ಬಾಗಿಲಲ್ಲೇ ನನ್ನನ್ನು ತಡೆದಳು. “ನಿಮಗ ಕೈ ಮುಗೀತೇನ್ರಿ. ಅವ್ರ ಮುಂದ ಭಾಳ ಮಾತಾಡಬ್ಯಾಡ್ರಿ. ಹೂಂ, ಹಾಂ, ಚಹಾ ತಗೋರಿ. ಇಷ್ಟ ಸಾಕು.”

“ನಾನೇನು ಸಣ್ಣ ಹುಡುಗನೇನು?” ಎಂದೆ.

ರಾಯಪ್ಪನವರು, ಶಿವಾನಂದ, ಚನ್ನಬಸಪ್ಪ ಕಾಕಾ ಮೂವರೇ ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದೆವು. ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಶಿವಾನಂದ ಎತ್ತರದ ಹುಡುಗ, ಟೆರಿಲಿನ್ ಅಂಗಿ, ಅಂಜಿಕೆಯ ಕಣ್ಣು. ಎಲ್ಲರ ಮುಂದೆ ಚೂಡಾ, ಶಿರಾ ಇಟ್ಟಳು ಕಮಲಾ. ನಮ್ಮ ಬಳಗದಲ್ಲಿ ಕನ್ಯಾ ನೋಡಲು ಬಂದವರು ಚೂಡಾ ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ. ಸಿಹಿಯನ್ನು ಮಾತ್ರ ಹುಡುಗಿ ಮನಸ್ಸಿಗೆ ಬಂದ ಮೇಲೆಯೇ ಬಾಯಿಗಿಡುತ್ತಾರೆ. ಹಿರಿಯ ಶಿರಾ ತಿಂದನೆಂದರೆ ಸಂಬಂಧ ಕೂಡಿತೆಂದೇ ಅರ್ಥ. ಆದ್ದರಿಂದ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ, ಕಮಲಾ ಇಬ್ಬರ ಕಣ್ಣೂ ರಾಯಪ್ಪನವರ ಶಿರಾದ ಮೇಲೆಯೇ ಇದ್ದವು.

ಶಾಂತಾ ಬಂದು ಹಿರಿಯರಿಗೆ ನಮಸ್ಕಾರ ಮಾಡಿ, ಎದುರಿಗೆ ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತಳು. ಹೆಸರು ಕೇಳಿದರು. ಅಡುಗೆ ಕೇಳಿದರು. ಸೂಜಿಗೆ ದಾರ ಪೋಣಿಸು ಎಂದರು, ಪೋಣಿಸಿದಳು. ಆಮೇಲೆ ರಾಯಪ್ಪನವರು ನನ್ನತ್ತ ತಿರುಗಿ, “ಮಾಸ್ತರ, ತಂಗಿಗೆ ಇಂಗ್ಲಿಷ್ ಒಂದಿಷ್ಟು ಬರ್ತೈತೇನ್ರಿ?” ಎಂದರು.

ನಾನು ಎದ್ದು ನಿಂತೆ. ಕೂತು ಪಾಠ ಹೇಳುವ ಅಭ್ಯಾಸ ನನಗಿಲ್ಲ.

“ರೀಡ್?”

“ರೀಡೇಬಲ್,” ಎಂದಳು ಶಾಂತಾ.

“ವಾಶ್?”

“ವಾಶೇಬಲ್.”

“ಮೂವ್? ಪೋರ್ಟ್? ಎಂಜಾಯ್?” ಬಾಣ ಬಿಟ್ಟಂತೆ ಬಿಟ್ಟೆ. ಒಂದೂ ತಪ್ಪಲಿಲ್ಲ. ಚನ್ನಬಸಪ್ಪ ಕಾಕಾ ತೊಡೆ ತಟ್ಟಿದ. ಶಿವಾನಂದ ಬಾಯಿ ತೆರೆದು ಶಾಂತಾಳನ್ನೇ ನೋಡುತ್ತಿದ್ದ. ರಾಯಪ್ಪನವರು ಬೆರಗಾಗಿ, “ಯಪ್ಪಾ, ಇದು ಕಲೆಕ್ಟರ್ ಆಗೂ ಹುಡುಗಿ,” ಎಂದು ನಗುತ್ತ ಶಿರಾದ ತಟ್ಟೆಗೆ ಕೈ ಹಾಕಿ ಒಂದು ತುತ್ತು ಎತ್ತಿದರು. ಬಾಗಿಲ ಮರೆಯಲ್ಲಿ ತಾಯಿ ಕೈ ಮುಗಿದದ್ದು ನನಗೆ ಕಾಣಿಸಿತು.

ಅಲ್ಲಿಗೆ ನಾನು ಕೂಡಬೇಕಿತ್ತು. ಯಾರಾದರೂ ಕೂಡುತ್ತಿದ್ದರು. ಆದರೆ ಮಾಸ್ತರಿಕೆ ಎನ್ನುವುದು ಒಂದು ಜಡ್ಡು. ತರಗತಿಯಲ್ಲಿ ಒಬ್ಬ ಸರಿಯಾಗಿ ಉತ್ತರ ಹೇಳಿದ ಕೂಡಲೇ ನನ್ನ ಬೆರಳು ತಾನೇ ತಾನಾಗಿ ಮುಂದಿನವನ ಕಡೆಗೆ ತಿರುಗುತ್ತದೆ. ಅದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ. ತಿರುಗಿಯೇ ಬಿಟ್ಟಿತು. ಅದರ ತುದಿಯಲ್ಲಿ ಶಿವಾನಂದ ಕೂತಿದ್ದ.

“ನೆಕ್ಸ್ಟ್,” ಎಂದೆ. “ಡ್ರಿಂಕ್?”

ಶಿವಾನಂದ ನಕ್ಕ. ಕಾಕಾನೂ ನಕ್ಕ. ಮಾಸ್ತರರು ಚೇಷ್ಟೆ ಮಾಡುತ್ತಿದ್ದಾರೆ ಎಂದು ರಾಯಪ್ಪನವರೂ ನಕ್ಕರು. ನಗದೆ ಇದ್ದವನು ನಾನೊಬ್ಬನೇ.

“ಹೂಂ, ಡ್ರಿಂಕ್?” ಎಂದು ದನಿ ಏರಿಸಿದೆ.

ಹುಡುಗನ ನಗೆ ಆರಿತು. ಅವನ ಕಿವಿ ಕೆಂಪಾದವು. ನೆಲ ನೋಡಿದ, ಜಂತಿ ನೋಡಿದ. ಉತ್ತರ ಬಾರದವರು ನೋಡುವ ಜಾಗಗಳೆಲ್ಲ ನನಗೆ ಚೆನ್ನಾಗಿ ಗೊತ್ತು. ಅದನ್ನು ಕಂಡ ಕೂಡಲೇ ನನ್ನೊಳಗಿನ ಬೀಗ ಹೋಗಿ ಮಾಸ್ತರನೊಬ್ಬನೇ ಉಳಿದ.

“ಸ್ಟ್ಯಾಂಡ್ ಅಪ್!”

ಅವನು ಎದ್ದು ನಿಂತುಬಿಟ್ಟ. ಗಲ್ಲಾದ ಮೇಲೆ ಕೂತು ನಾಲ್ಕು ಆಳುಗಳಿಗೆ ಕೆಲಸ ಹೇಳುವ ಗಂಡಸು, ನೋಡಲು ಬಂದ ಹುಡುಗಿಯ ಮುಂದೆ, ತನ್ನ ತಂದೆಯ ಮಗ್ಗುಲಿಗೆ, ಕೈ ಕಟ್ಟಿಕೊಂಡು ನಿಂತ. ಒಳಗಿನಿಂದ ಕಮಲಾ ಬಾಗಿಲ ಚಿಲಕ ಬಡಿಯತೊಡಗಿದಳು. ಗಾಳಿ ಎಂದುಕೊಂಡೆ.

ಆಗ ಅದುವರೆಗೆ ನೆಲ ನೋಡುತ್ತಿದ್ದ ಶಾಂತಾ ತಲೆ ಎತ್ತಿದಳು. ಅವನ ಮುಖ ನೋಡಿದಳು. ತುಟಿ ಮಾತ್ರ ಅಲುಗಿಸಿ, ಉಸಿರಿನಲ್ಲಿ, “ಡ್ರಿಂಕೇಬಲ್,” ಎಂದಳು.

“ಶಾಂತಾ! ಹೇಳಿಕೊಡಬ್ಯಾಡ!” ಎಂದು ನಾನು ಗುಡುಗಿದೆ.

ರಾಯಪ್ಪನವರು ಬಾಯಿಯ ತನಕ ಒಯ್ದಿದ್ದ ಶಿರಾದ ತುತ್ತನ್ನು ತಿರುಗಿ ತಟ್ಟೆಯಲ್ಲಿಟ್ಟು, ಧೋತರದ ಚುಂಗಿಗೆ ಬೆರಳು ಒರೆಸಿಕೊಂಡರು. “ಏಳ ಶಿವಾನಂದ” ಎನ್ನಬೇಕಾಗಿರಲಿಲ್ಲ. ಅವನು ನಿಂತೇ ಇದ್ದ. “ನಡಿ, ಬಸ್ಸಿನ ಹೊತ್ತಾತು,” ಎಂದರು.

ಆಗ ನನಗೆ ಎಚ್ಚರವಾಯಿತು. “ಶಿರಾ ತಗೋರಿ,” ಎಂದೆ.

“ಮನಿಗೆ ಹೋಗಿ ತಿಳಸ್ತೀವ್ರಿ ಮಾಸ್ತರ.”

ಈ ಮಾತಿನ ಅರ್ಥ ಹೇಳಲು ಇಂಗ್ಲಿಷ್ ಬೇಕಾಗಿಲ್ಲ.

ಅವರು ಹೋದ ಮೇಲೆ ಕಮಲಾ ಹೊರಗೆ ಬಂದಳು. “ಅವ್ರು ಹುಡುಗಿ ನೋಡಾಕ ಬಂದಿದ್ರೋ, ನಿಮ್ಮ ಸಾಲಿಗೆ ಹೆಸರು ಹಚ್ಚಾಕ ಬಂದಿದ್ರೋ?” ಎಂದು ಕೇಳಿದಳು. ಬೈದಿದ್ದರೆ ಒಳ್ಳೆಯದಿತ್ತು. ಕೇಳುತ್ತ ಕೇಳುತ್ತ ಅವಳಿಗೇ ಅಳು ಬಂತು. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಶಾಂತಾ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಬೆರಳ ಗುರುತು ಉಳಿದಿದ್ದ ಶಿರಾದ ತಟ್ಟೆಯನ್ನು ಮಾತ್ರ ಬೇರೆಯಾಗಿ ಎತ್ತಿಕೊಂಡು ಒಳಗೆ ಹೋದಳು.

ದಿನಗಳು ಕಳೆದವು, ಬಿಜಾಪುರದಿಂದ ಸುದ್ದಿ ಬರಲಿಲ್ಲ. ಶಾಂತಾ ಕೊಡ ತುಂಬುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ನಗು ನಿಂತಿತ್ತು. ಅದನ್ನು ನೋಡಲಾರದೆ, ಹೋಗಿ ತಪ್ಪಾಯಿತೆಂದು ಬೇಡಿಕೊಳ್ಳುವುದೆಂದು ನಿಶ್ಚಯಿಸಿದೆ. ಚನ್ನಬಸಪ್ಪ ಕಾಕಾನನ್ನು ಜೊತೆಗೆ ಕರೆಯಲು ತಿಕೋಟಾಕ್ಕೆ ಹೋದರೆ, “ನಾ ಒಲ್ಲೆ ಮಾರಾಯಾ. ಅಲ್ಲಿ ನನ್ನೂ ಎಬ್ಬಿಸಿ ನಿಂದ್ರಸ್ತಿ,” ಎಂದು ಕೈ ಮುಗಿದ. ಒಬ್ಬನೇ ಬಿಜಾಪುರದ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ಆಡಬೇಕಾದ ಮಾತನ್ನು ಗಿಣಿಯಂತೆ ಬಾಯಿಪಾಠ ಮಾಡಿದೆ. ಎಲ್ಲ ಅಚ್ಚಗನ್ನಡ.

ರಾಯಪ್ಪನವರು ಅಂಗಡಿಯಲ್ಲಿ ಬೆಲ್ಲ ತೂಗಿಸುತ್ತಿದ್ದರು. ಶಿವಾನಂದ ಒಳಗೆ ಚೀಲ ಎಣಿಸುತ್ತಿದ್ದ. ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಸರಿದು ನಿಂತರು.

“ನಂದು ತಪ್ಪಾತ್ರಿ ಹಿರ್‍ಯಾರ. ಸಾಲಿ ಚಟ ಮನ್ಯಾಗ ತೋರಿಸಿದೆ,” ಎಂದೆ. ಇಷ್ಟು ಚೆನ್ನಾಗಿ ಬಂತು. ಹಿರಿಯರ ಮುಖ ಸ್ವಲ್ಪ ಸಡಿಲವಾಯಿತು. ಕೂಡಲು ಒಂದು ಚೀಲ ತೋರಿಸಿದರು. ಈ ಸಣ್ಣ ಗೆಲುವಿನಿಂದ ನನ್ನ ತಲೆ ತಿರುಗಿತು. ಬಾಯಿಪಾಠ ಮಾಡಿದ್ದು ಮುಗಿದಿತ್ತು; ಬಾಯಿ ಮುಗಿದಿರಲಿಲ್ಲ.

“ಹುಡುಗನ ಬಗ್ಗೆ ನನ್ನ ಮನಸಿನ್ಯಾಗ ಏನೂ ಇಲ್ಲರಿ. ಅವ್ರೇನು ದಡ್ಡ ಅಲ್ಲ. ಟೀಚೇಬಲ್ ಅದಾರ.”

ತಕ್ಕಡಿ ಹಿಡಿದ ಆಳು ಕೂಡ ಕೈ ನಿಲ್ಲಿಸಿದ.

“ಏನ್ ಅದಾನ?” ಎಂದರು ರಾಯಪ್ಪನವರು.

ಅರ್ಥ ಕೇಳಿದರೆ ಹೇಳದೆ ಇರುವುದು ನನ್ನ ಧರ್ಮದಲ್ಲಿಲ್ಲ. “ಅಂದ್ರ, ಕಲಿಸಬಹುದಾದಂಥವ್ರು. ಮದಿವಿ ಆದ ಮ್ಯಾಲೆ ಐತವಾರಕ್ಕೊಮ್ಮೆ ನಾನ ಬಂದು ಫುಕಟ್ ಕಲಸ್ತೀನ್ರಿ.”

ರಾಯಪ್ಪನವರು ಬಹಳ ಮೆಲ್ಲಗೆ ಮಾತಾಡಿದರು. “ಮಾಸ್ತರ, ನನ್ನ ಮಗನ್ನ ನಿಮ್ಮ ಮನ್ಯಾಗ ಒಮ್ಮೆ ನಪಾಸ ಮಾಡಿದ್ರಿ. ಈಗ ನನ್ನ ಅಂಗಡ್ಯಾಗ ಬಂದು, ನನ್ನ ಆಳಿನ ಮುಂದ ಮತ್ತೊಮ್ಮೆ ನಪಾಸ ಮಾಡಾಕತ್ತೀರಿ. ನೀವು ಹೋಗ್ರಿ.”

ಹೋದೆ. ಬಸ್ ಸ್ಟ್ಯಾಂಡಿನ ಹಾದಿಯಲ್ಲಿ ಹಿಂದಿನಿಂದ ಯಾರೋ ಕೂಗಿದರು. ಶಿವಾನಂದ. ಕೈಗೆ ಬೆಲ್ಲದ ಅಂಟು ಹಾಗೇ ಇತ್ತು. ನನ್ನ ಜೊತೆ ನಡೆಯುತ್ತ ಬಂದ.

“ಸರ, ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನಾ ಮ್ಯಾಟ್ರಿಕ್ ಇಂಗ್ಲಿಷಿನ್ಯಾಗ ನಪಾಸ ಆದಾವ. ಸಾಲ್ಯಾಗ ದಿನಾ ನಿಂದ್ರಸ್ತಿದ್ರು. ನೀವು ಅಂದ ಕೂಡ್ಲೆ ಕಾಲು ತಾವ ಎದ್ದುವು,” ಎಂದು ನಕ್ಕ. ಆಮೇಲೆ ನಗಲಿಲ್ಲ. “ಅಷ್ಟು ವರ್ಸ ನಿಂತೇನ್ರಿ, ಒಬ್ರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ತಂಗಿ ಹೇಳಿಕೊಟ್ರು.”

“ಕೇಳಿಸಿತ್ತೇನು? ಮತ್ತ ಯಾಕ ಉತ್ತರ ಹೇಳಲಿಲ್ಲ?”

“ನೀವು ಅವ್ರಿಗೆ ಗದರಿಸಿದ್ರೆಲ್ಲ. ನಾ ಹೇಳಿದ್ರ ಅವ್ರಿಗೆ ಮತ್ತ ಬೈಗಳ ಬೀಳ್ತಾವಂತ ಸುಮ್ಮನಾದೆ.”

ನಾನು ನಿಂತುಬಿಟ್ಟೆ. ಇಂಥ ಹುಡುಗ ನನಗೆ ಹುಡುಕಿದರೂ ಸಿಗುವುದಿಲ್ಲ ಎಂದು ಅಲ್ಲಿ ನಡುರಸ್ತೆಯಲ್ಲಿ ತಿಳಿಯಿತು. ಅವನ ಕೈ ಹಿಡಿದುಕೊಂಡು, “ಹಂಗಾರ ನಿಮ್ಮ ಅಪ್ಪಾರಿಗೆ ನೀವ ಒಂದು ಮಾತು ಹೇಳ್ರಿ,” ಎಂದೆ.

“ತಡ ಆತ್ರಿ ಸರ. ನಿಮ್ಮ ಮನಿಯಿಂದ ಬಂದ ಮರುದಿನಾನ ಅಪ್ಪ ಕಳ್ಳಕವಟಗಿ ಊರಿಗೆ ಹೋಗಿ ಬ್ಯಾರೆ ಹುಡುಗಿ ಮನಿಗೆ ಮಾತು ಕೊಟ್ಟು ಬಂದಾರ. ಸಕ್ರಿನೂ ಹಂಚ್ಯಾರ. ‘ಸಾಲಿ ಗಾಳಿ ಇಲ್ಲದ ಮನಿ ಹುಡಿಕೇನಿ,’ ಅಂತಾರ.” ಕೈ ಬಿಡಿಸಿಕೊಂಡು, “ನನಗ ಅವ್ರು ಮನಸಿಗೆ ಬಂದಿದ್ರು. ಅವ್ರಿಗೆ ಹೇಳೂದಿದ್ರ ಹೇಳ್ರಿ, ಬ್ಯಾಡಾದ್ರ ಬಿಡ್ರಿ,” ಎಂದ. ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಹತ್ತಿರ ಜಾಗ ಹಿಡಿದು ಕೊಟ್ಟು ಇಳಿದು ಹೋದ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಮಲಾ ನನ್ನ ಮುಖ ನೋಡಿ, ತಾಯಿಯ ಹತ್ತಿರ ಹೋಗಿ ಕೂತಳು. ಶಾಂತಾ ಅಡುಗೆಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಬಂದೆ.

“ಭೆಟ್ಟಿ ಆದ್ರೇನಣ್ಣಾ?” ಎಂದಳು.

“ಆದ್ರು.”

“ಸಿಟ್ಟಿಗೆದ್ದಾರೇನು?”

“ಹುಡುಗಗ ಸಿಟ್ಟಿಲ್ಲ. ನೀ ಹೇಳಿಕೊಟ್ಟದ್ದು ಅವಗ ಕೇಳಿಸಿತ್ತಂತ. ನಿನಗ ಬೈಗಳ ಬೀಳ್ತಾವಂತ ಸುಮ್ಮನಾದನಂತ. ನೀ ಮನಸಿಗೆ ಬಂದಿದ್ದಿಯಂತ.”

ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ಊದುಗೊಳವೆ ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತಳು. “ಮತ್ತ?” ಎಂದಳು.

ಆ ಒಂದು ಶಬ್ದಕ್ಕೆ ನಾನು ಉತ್ತರ ಕೊಡಬೇಕಾಯಿತು. ಕಳ್ಳಕವಟಗಿಯ ಮಾತು ಹೇಳಿದೆ. ಸಕ್ಕರೆ ಹಂಚಿದ್ದನ್ನೂ ಹೇಳಿದೆ. ಅವಳು ತಿರುಗಿ ಒಲೆಯ ಕಡೆ ಮುಖ ಮಾಡಿ, ಹತ್ತಿಯ ಕಟ್ಟಿಗೆಗಳನ್ನು ಒಂದೊಂದಾಗಿ ಒಳಗೆ ನೂಕಿದಳು. ಎಲ್ಲಿ ಅಳುತ್ತಾಳೋ ಎಂದು ನಾನು ಅಂಜುತ್ತಿದ್ದೆ.

“ಆ ಹುಡುಗಿ ಸಾಲಿ ಕಲತಾಳಂತೇನು?” ಎಂದು ಕೇಳಿದಳು.

“ಇಲ್ಲಂತ. ಅವ್ರ ಮನ್ಯಾಗ ಯಾರೂ ಕಲತಿಲ್ಲಂತ.”

“ಹಂಗಾರ ಛಲೋ ಆತು ಬಿಡಣ್ಣಾ,” ಎಂದಳು ಶಾಂತಾ. “ಅಲ್ಲಿ ಅವ್ರನ್ನ ಯಾರೂ ಎಬ್ಬಿಸಿ ನಿಂದ್ರಸೂದಿಲ್ಲ.”

ಕುಟುಕಲು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಸಮಾಧಾನಪಟ್ಟು ಹೇಳಿದ್ದಳು. ಬಬಲೇಶ್ವರದ ಏಕಮಾತ್ರ ಇಂಗ್ಲಿಷ್ ಪಂಡಿತನಾದ ನಾನು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದೆ. ಕೂಡು ಎಂದು ಯಾರೂ ಹೇಳಲಿಲ್ಲ.